ಪರಿಸರ ಸಿದ್ಧಾಂತದ ಸೆಮಿಸ್ಟರ್: ಮೊದಲ ವಾರದಿಂದ ಪ್ರಬಂಧ ಒಪ್ಪಿಸುವವರೆಗೆ ಸಮಗ್ರ ಮಾರ್ಗದರ್ಶಿ

ಪರಿಸರ ಸಿದ್ಧಾಂತ ಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಆರನೇ ವಾರದ ಹೊತ್ತಿಗೆ ಹತ್ತು ಹದಿನೈದು ಚಿಂತಕರ ಮೇಲೆ ನೋಟ್ಸ್ ಇರುತ್ತದೆ. ಹನ್ನೆರಡನೇ ವಾರ ಪ್ರಬಂಧ ಬರೆಯಲು ಕೂತರೆ ‘ಇವರು ಹೀಗೆಂದರು, ಅವರು ಹಾಗೆಂದರು’ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತದೆ. ಓದು ಕಡಿಮೆಯಾಗಿ ಹೀಗಾಗುವುದಿಲ್ಲ, ಕೆಲಸದ ಕ್ರಮ ತಿರುವುಮುರುವಾಗಿ ಹೀಗಾಗುತ್ತದೆ. ಮೊದಲು ಎಲ್ಲ ಸಿದ್ಧಾಂತ ಓದಿ ಮುಗಿಸಿ, ಆಮೇಲೆ ಉದಾಹರಣೆ ಹುಡುಕುವುದು ರೂಢಿ. ಇಲ್ಲಿ ಹೇಳುವ ಕ್ರಮ ಅದಕ್ಕೆ ಉಲ್ಟಾ: ಮೊದಲು ಒಂದು ಜಾಗ, ಆಮೇಲೆ ಒಂದು ಜಗಳ, ಅದರ ನಂತರ ಪುಸ್ತಕ.

ಸೆಮಿಸ್ಟರ್ 16 ವಾರ, ಕೊನೆಗೆ ಒಂದು ಪ್ರಬಂಧ ಮತ್ತು ಲಿಖಿತ ಪರೀಕ್ಷೆ ಎಂದು ಇಟ್ಟುಕೊಂಡು ವಾರಗಳನ್ನು ಹಂಚಲಾಗಿದೆ. ಉದಾಹರಣೆಗೆ ಉತ್ತರ ಕನ್ನಡದ ಸೊಪ್ಪಿನಬೆಟ್ಟವನ್ನು, ಅಂದರೆ ಅಡಿಕೆ ತೋಟದವರು ಸೊಪ್ಪು ತರುವ ಕಾಡುಬೆಟ್ಟವನ್ನು, ಉದ್ದಕ್ಕೂ ಬಳಸಿದ್ದೇವೆ. ನಿಮ್ಮ ಊರಿನ ಕೆರೆ, ಗೋಮಾಳ, ದೇವರಕಾಡು ಯಾವುದಾದರೂ ಆಗಬಹುದು.

## ಬೇಕಾಗುವ ಸಾಮಗ್ರಿ

ಗೆರೆಯಿರುವ 200 ಪುಟದ ಒಂದು ನೋಟ್‌ಬುಕ್, ಅಂಗೈಯಗಲದ ದಪ್ಪ ಕಾಗದದ 60 ಕಾರ್ಡ್, ಪೆನ್ಸಿಲ್. ಕಂಪ್ಯೂಟರಿನಲ್ಲಿ ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶ, ಅದು ಉಚಿತ. ಓದಿದ ಲೇಖನದ ವಿವರವನ್ನು ಓದಿದ ದಿನವೇ ಅದಕ್ಕೆ ಹಾಕಿ. ಹದಿನೈದನೇ ವಾರ ಪುಟಸಂಖ್ಯೆ ಹುಡುಕುತ್ತಾ ಕೂರುವ ಕಷ್ಟ ತಪ್ಪುತ್ತದೆ.

ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ, ಒಳಗೆ ಪದ ಹುಡುಕಲೂ ಬರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ಕೆ.ಜಿ.ಪಿ. ಕೀಲಿಮಣೆ ರೂಢಿಯಾಗಿದ್ದರೆ ಅದನ್ನೇ ಮುಂದುವರಿಸಿ. ಔಟ್‌ಪುಟ್ ಮಾತ್ರ ಯೂನಿಕೋಡ್ ಇರಲಿ.

ಲೇಖನಗಳಿಗೆ ಮೊದಲು ವಿಭಾಗದ ಗ್ರಂಥಾಲಯ ನೋಡಿ. ಅಲ್ಲಿಲ್ಲದಿದ್ದರೆ ಸಂಶೋಧನಾ ಲೇಖನಗಳ ಅಂತರ್ಜಾಲ ಸಂಗ್ರಹವಾದ ಜೆಸ್ಟೋರ್‌ನಲ್ಲಿ ವೈಯಕ್ತಿಕ ಖಾತೆ ತೆರೆದರೆ ತಿಂಗಳಿಗೆ ಸೀಮಿತ ಸಂಖ್ಯೆಯ ಲೇಖನಗಳನ್ನು ಪರದೆಯ ಮೇಲೆ ಉಚಿತವಾಗಿ ಓದಬಹುದು. ಸಾಮೂಹಿಕ ಸಂಪನ್ಮೂಲಗಳ ಬಗ್ಗೆ ಇಂಡಿಯಾನಾ ವಿಶ್ವವಿದ್ಯಾಲಯ ‘ಡಿಜಿಟಲ್ ಲೈಬ್ರರಿ ಆಫ್ ದ ಕಾಮನ್ಸ್’ ಎಂಬ ಮುಕ್ತ ಸಂಗ್ರಹ ನಡೆಸುತ್ತದೆ. ಬೆಂಗಳೂರಿನಲ್ಲಿರುವವರು ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್‌ನ ಗ್ರಂಥಾಲಯಕ್ಕೆ ವಿಭಾಗದ ಪತ್ರ ಹಿಡಿದು ಒಮ್ಮೆ ಹೋಗಿ ವಿಚಾರಿಸಿ. ಕರ್ನಾಟಕದ ಹಳ್ಳಿ, ಕೆರೆ, ಅರಣ್ಯದ ಅಧ್ಯಯನ ಮಾಡುವವರಿಗೆ ಅಲ್ಲಿ ಒಂದು ದಿನ ಕೂತರೂ ಲಾಭವೇ.

## ಹಂತ 1: ಪಠ್ಯಕ್ರಮವನ್ನು ಒಡೆದು ಮತ್ತೆ ಕಟ್ಟಿ (ವಾರ 1)

ಪಠ್ಯಕ್ರಮ ಸಾಮಾನ್ಯವಾಗಿ ಹಣೆಪಟ್ಟಿಗಳಲ್ಲಿ ಇರುತ್ತದೆ: ಆಳ ಪರಿಸರವಾದ, ಪರಿಸರ ಸ್ತ್ರೀವಾದ, ರಾಜಕೀಯ ಪರಿಸರಶಾಸ್ತ್ರ, ಹವಾಮಾನ ನ್ಯಾಯ. ಈ ಪಟ್ಟಿಯನ್ನು ಹಾಗೇ ಹಿಡಿದುಕೊಂಡರೆ ನೋಟ್ಸೂ ಹಣೆಪಟ್ಟಿಯಾಗುತ್ತದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಗೀಚಿ, ಪ್ರತಿ ಕೃತಿಯನ್ನೂ ಯಾವುದಾದರೂ ಒಂದರಲ್ಲಿ ಕೂರಿಸಿ.

ಮೊದಲ ಕಾಲಂ: ಏನಾಗುತ್ತಿದೆ, ಯಾಕಾಗುತ್ತಿದೆ ಎಂದು ವಿವರಿಸುವ ಸಿದ್ಧಾಂತ. ಸಾಮೂಹಿಕ ಸಂಪನ್ಮೂಲಗಳನ್ನು ಬಳಸುವವರೇ ಅವನ್ನು ಹೇಗೆ ನಿರ್ವಹಿಸುತ್ತಾರೆ ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಇಲ್ಲಿಗೆ ಸೇರುತ್ತಾರೆ. ಎರಡನೆಯದು: ಏನು ಸರಿ, ಏನು ತಪ್ಪು ಎಂದು ಹೇಳುವ ಸಿದ್ಧಾಂತ. ಆಲ್ಡೋ ಲಿಯೋಪೋಲ್ಡ್ 1949ರಲ್ಲಿ ಮುಂದಿಟ್ಟ, ಮಣ್ಣು, ನೀರು, ಗಿಡ, ಪ್ರಾಣಿಗಳನ್ನೂ ನಮ್ಮ ನೈತಿಕ ಬಳಗಕ್ಕೆ ಸೇರಿಸುವ ನೆಲದ ನೀತಿ, ಪ್ರಕೃತಿಗೆ ಸ್ವಂತ ಮೌಲ್ಯವಿದೆ ಎನ್ನುವ ಆರ್ನೆ ನೆಸ್ ಅವರ ಆಳ ಪರಿಸರವಾದ ಇಲ್ಲಿವೆ. ಮೂರನೆಯದು: ನಾವು ‘ಪ್ರಕೃತಿ’, ‘ಕಾಡು’, ‘ಬಂಜರು’ ಎಂದು ಕರೆಯುವುದೇ ಹೇಗೆ ರೂಪುಗೊಂಡಿತು ಎಂದು ಕೇಳುವ ಸಿದ್ಧಾಂತ. ವಿಲಿಯಂ ಕ್ರೋನನ್ 1995ರಲ್ಲಿ ‘ವೈಲ್ಡರ್‌ನೆಸ್’ (ಮನುಷ್ಯರು ಮುಟ್ಟದ ಕಾಡು) ಕಲ್ಪನೆಯ ಮೇಲೆ ಬರೆದ ಪ್ರಬಂಧ ಇದಕ್ಕೆ ಒಳ್ಳೆಯ ಮಾದರಿ.

ಈ ವಿಂಗಡಣೆ ಮಾಡದವರು ಪ್ರಬಂಧದಲ್ಲಿ ಒಂದು ಕಾಲಂನ ವಾದವನ್ನು ಇನ್ನೊಂದರ ಸಾಕ್ಷ್ಯದಿಂದ ಹೊಡೆಯಲು ಹೋಗುತ್ತಾರೆ. ಉಪಗ್ರಹ ಚಿತ್ರ ತೋರಿಸಿ ನೆಲದ ನೀತಿಯನ್ನು ಸುಳ್ಳೆನ್ನಲಾಗದು. ಪ್ರಕೃತಿಗೆ ಸ್ವಂತ ಮೌಲ್ಯವಿದೆ ಎಂದು ಘೋಷಿಸಿದ ಮಾತ್ರಕ್ಕೆ ಆಸ್ಟ್ರಮ್ ಬಿದ್ದುಹೋಗುವುದಿಲ್ಲ. ಮೌಲ್ಯಮಾಪಕರು ‘ವಾದ ಹೊಂದುತ್ತಿಲ್ಲ’ ಎಂದು ಅಂಚಿನಲ್ಲಿ ಬರೆಯುವುದು ಬಹಳ ಸಲ ಇದೇ ಕಾರಣಕ್ಕೆ. ಎರಡು ಕಾಲಂಗಳಲ್ಲಿ ಕಾಲಿಟ್ಟ ಕೃತಿಗಳೂ ಇವೆ. ಅವನ್ನು ಎರಡರಲ್ಲೂ ಬರೆದು, ಯಾವ ಪುಟಗಳು ಯಾವುದಕ್ಕೆ ಎಂದು ಗುರುತು ಹಾಕಿ.

## ಹಂತ 2: ಜಾಗ ಆರಿಸಿ (ವಾರ 1–2)

ನಾಲ್ಕು ಷರತ್ತು. ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿಬರುವಂತಿರಬೇಕು. ಅದರ ಮೇಲೆ ಕನಿಷ್ಠ ಇಬ್ಬರ ಹಕ್ಕುಸಾಧನೆ ಇರಬೇಕು. ಏನಾದರೂ ಬರಹದ ದಾಖಲೆ ಇರಬೇಕು. ಇಡೀ ಜಾಗವನ್ನು ಅರ್ಧ ದಿನದಲ್ಲಿ ನಡೆದು ನೋಡಲು ಸಾಧ್ಯವಿರಬೇಕು.

‘ಪಶ್ಚಿಮಘಟ್ಟ’ ಎಂದು ಆರಿಸಿದರೆ ಕೆಟ್ಟಿತು. ಕಸ್ತೂರಿರಂಗನ್ ಸಮಿತಿಯ 2013ರ ವರದಿ ಕರ್ನಾಟಕವೊಂದರಲ್ಲೇ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತ್ತು. ಅಷ್ಟನ್ನು ಒಂದು ಸೆಮಿಸ್ಟರ್‌ನ ಪ್ರಬಂಧ ಹೊರಲಾರದು. ‘ಶಿರಸಿ ತಾಲ್ಲೂಕಿನ ಒಂದು ಊರಿನ ಎರಡು ಸೊಪ್ಪಿನಬೆಟ್ಟ’ ಎಂದರೆ ಹೊರುತ್ತದೆ.

ಸೊಪ್ಪಿನಬೆಟ್ಟ ಒಳ್ಳೆಯ ಆಯ್ಕೆ ಏಕೆಂದರೆ ಅದು ಯಾವ ಸಿದ್ಧಾಂತಕ್ಕೂ ಸಲೀಸಾಗಿ ಒಗ್ಗುವುದಿಲ್ಲ. ನೆಲ ಅರಣ್ಯ ಇಲಾಖೆಯದು. ಸೊಪ್ಪು ಕಡಿಯುವ, ದರಕು (ಉದುರಿದ ಒಣ ಎಲೆ) ಗುಡಿಸುವ, ದನ ಮೇಯಿಸುವ ಸವಲತ್ತು ಅಡಿಕೆ ತೋಟದ ಒಡೆಯರದು. ಘಟ್ಟದ ಮೇಲಿನ ಭಾಗದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಕೆಲವು ಬೆಟ್ಟಗಳು ಒಂದೊಂದು ಮನೆಯ ಹೆಸರಿನಲ್ಲಿವೆ, ಕೆಲವು ಹಲವು ಮನೆಗಳಿಗೆ ಸೇರಿ ಇವೆ. ತೋಟವೇ ಇಲ್ಲದವರಿಗೆ ಬೆಟ್ಟದ ಸವಲತ್ತೂ ಇಲ್ಲ. ಒಂದೇ ಕಾನೂನಿನ ಕೆಳಗೆ ಒಂದು ಬೆಟ್ಟ ಮತ್ತಿ, ಕೌಲು, ನೇರಳೆಯಿಂದ ತುಂಬಿದ್ದರೆ ಪಕ್ಕದ್ದು ಬೋಳಾಗಿರಬಹುದು. ಇದೇ ನಿಮ್ಮ ಪ್ರಶ್ನೆಯ ಬೀಜ.

ಕೆರೆ ಆರಿಸುವವರು ನೀರುಗಂಟಿ, ಅಂದರೆ ಊರಿಗೆ ಕೆರೆಯ ನೀರು ಹಂಚುವವನ, ಪದ್ಧತಿ ಇದ್ದ ಅಥವಾ ಈಗಲೂ ಇರುವ ಕೆರೆಯನ್ನೇ ಹುಡುಕಿ. ಗೋಮಾಳವಾದರೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದು ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ.

ಎಚ್ಚರಿಕೆಯ ಲಕ್ಷಣ: ಎರಡನೇ ವಾರ ಮುಗಿದರೂ ನಿಮ್ಮ ಜಾಗಕ್ಕೆ ಊರಿನ ಹೆಸರಿಲ್ಲ, ‘ಭಾರತದಲ್ಲಿ ಅರಣ್ಯನಾಶ’ ಎಂಬಂಥ ವಿಷಯವಷ್ಟೇ ಇದೆ ಎಂದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 3: ಜೋಡಿಯಾಗಿ ಓದಿ (ವಾರ 2–9)

ಒಂದು ಜೋಡಿಗೆ ಎರಡು ವಾರ. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂದು ತಿಳಿಯದೆ ಸಿದ್ಧಾಂತ ಓದಿದರೆ ಒಂದು ಕಡೆಯ ಫೋನ್ ಮಾತಷ್ಟೇ ಕೇಳಿಸಿಕೊಂಡಂತೆ.

ಮೊದಲ ಜೋಡಿ: ಹಾರ್ಡಿನ್ ಮತ್ತು ಆಸ್ಟ್ರಮ್. ಗ್ಯಾರೆಟ್ ಹಾರ್ಡಿನ್ ಅವರ ಲೇಖನ 1968ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬರೀ ಆರು ಪುಟ. ಆದರೂ ಮೂಲವನ್ನು ಓದುವವರು ಕಡಿಮೆ. ಎಲ್ಲರ ನೋಟ್ಸಿನಲ್ಲೂ ಹುಲ್ಲುಗಾವಲಿನ ಕಥೆ ಮಾತ್ರ ಇರುತ್ತದೆ: ಪ್ರತಿಯೊಬ್ಬ ದನಗಾಹಿಯೂ ಒಂದೊಂದು ದನ ಹೆಚ್ಚಿಸುತ್ತಾನೆ, ಕೊನೆಗೆ ಗಾವಲು ಎಲ್ಲರಿಗೂ ಹಾಳು. ಮೂಲ ತೆರೆದರೆ ಆ ಕಥೆ ಕೆಲವೇ ಪ್ಯಾರಾ. ಲೇಖನದ ಹೆಚ್ಚಿನ ಭಾಗ ಜನಸಂಖ್ಯೆಯ ಬಗ್ಗೆ, ಮಕ್ಕಳನ್ನು ಹೆರುವ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕುವ ಬಗ್ಗೆ. ಇದನ್ನು ಹೇಳದೆ ಹಾರ್ಡಿನ್ ಬಗ್ಗೆ ಬರೆದರೆ ಮೂಲ ಓದಿಲ್ಲವೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ತಾನು ಹೇಳಿದ್ದು ‘ನಿರ್ವಹಣೆಯಿಲ್ಲದ’ ಸಾಮೂಹಿಕ ನೆಲದ ಬಗ್ಗೆ, ಆ ವಿಶೇಷಣ ಬಿಟ್ಟದ್ದು ದೊಡ್ಡ ತಪ್ಪು ಎಂದು 1998ರಲ್ಲಿ ಹಾರ್ಡಿನ್ ಅವರೇ ಬರೆದರು.

ಆಸ್ಟ್ರಮ್ ಅವರ 1990ರ ‘ಗವರ್ನಿಂಗ್ ದ ಕಾಮನ್ಸ್’ ಪುಸ್ತಕದಲ್ಲಿ 1, 3 ಮತ್ತು 5ನೇ ಅಧ್ಯಾಯಗಳನ್ನು ಓದಿ. ಮೊದಲನೆಯದರಲ್ಲಿ ಅವರು ಹಾರ್ಡಿನ್ ಒಬ್ಬರನ್ನೇ ಅಲ್ಲ, ಒಬ್ಬೊಬ್ಬರೂ ಸ್ವಂತ ಲಾಭ ನೋಡಿಕೊಂಡರೆ ಇಬ್ಬರಿಗೂ ನಷ್ಟವಾಗುವ ಕೈದಿಗಳ ಇಕ್ಕಟ್ಟಿನ ಆಟವನ್ನೂ, ಒತ್ತಾಯವಿಲ್ಲದೆ ದೊಡ್ಡ ಗುಂಪು ಎಲ್ಲರ ಹಿತಕ್ಕೆ ದುಡಿಯುವುದಿಲ್ಲ ಎಂಬ ಮ್ಯಾನ್ಸರ್ ಓಲ್ಸನ್ ಅವರ ಸಾಮೂಹಿಕ ಕ್ರಿಯೆಯ ವಾದವನ್ನೂ ಒಟ್ಟಿಗೆ ಎದುರಿಸುತ್ತಾರೆ. ಮೂರನೆಯದರಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್, ಜಪಾನಿನ ಹಳ್ಳಿಗಳು, ಸ್ಪೇನಿನ ನೀರಾವರಿ, ಕೊನೆಗೆ ಬಹುಕಾಲ ಉಳಿದ ಇಂಥ ವ್ಯವಸ್ಥೆಗಳಲ್ಲಿ ಕಂಡ ಎಂಟು ವಿನ್ಯಾಸ ಸೂತ್ರಗಳು ಬರುತ್ತವೆ. ಐದನೆಯದು ವ್ಯವಸ್ಥೆ ಕುಸಿದ, ಅಥವಾ ಅಲುಗಾಡುತ್ತಿರುವ ಕಡೆಗಳ ಬಗ್ಗೆ. ವಿದ್ಯಾರ್ಥಿಗಳು ಮೂರನೆಯದನ್ನು ಓದಿ ಐದನೆಯದನ್ನು ಬಿಡುತ್ತಾರೆ. ಆಮೇಲೆ ‘ಜನರ ಕೈಗೆ ಕೊಟ್ಟರೆ ಎಲ್ಲ ಉಳಿಯುತ್ತದೆ’ ಎಂದು ಆಸ್ಟ್ರಮ್ ಹೇಳಿದರೆಂದು ಬರೆಯುತ್ತಾರೆ. ಅವರು ಹಾಗೆ ಹೇಳಿಲ್ಲ.

ಈಗ ಬೆಟ್ಟಕ್ಕೆ ಬನ್ನಿ. ಎಂಟು ಸೂತ್ರಗಳನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದು, ಬಲಪುಟದಲ್ಲಿ ನಿಮ್ಮ ಬೆಟ್ಟದ ಬಗ್ಗೆ ಗೊತ್ತಿರುವುದನ್ನು ತುಂಬಿ. ಗಡಿ ಸ್ಪಷ್ಟವೇ? ಅಗಳ (ಗಡಿಯ ಕಂದಕ) ತೋಡಿದ್ದಾರೆಯೇ, ಅದು ಈಗ ಮುಚ್ಚಿಹೋಗಿದೆಯೇ? ಸ್ಥಳಕ್ಕೆ ಹೊಂದುವ ನಿಯಮವಿದೆಯೇ: ಮರದ ತಲೆ ಬಿಟ್ಟು ಕೆಳಗಿನ ಕೊಂಬೆಯಷ್ಟೇ ಸವರಬೇಕೆಂಬ ಕಟ್ಟಳೆಯಂಥದ್ದು? ಆ ನಿಯಮ ಬದಲಿಸಲು ಬಳಸುವವರಿಗೆ ಬಾಯಿದೆಯೇ? ಕಾಯುವವರು ಯಾರು? ತಪ್ಪಿದವರಿಗೆ ಮೊದಲು ಬುದ್ಧಿಮಾತು, ಆಮೇಲೆ ದಂಡ ಎಂಬ ಮೆಟ್ಟಿಲು ಇದೆಯೇ? ಜಗಳ ಬಿದ್ದರೆ ಪಂಚಾಯಿತಿ ಎಲ್ಲಿ? ಏಳನೇ ಸೂತ್ರದಲ್ಲಿ, ಅಂದರೆ ಬಳಕೆದಾರರು ತಾವೇ ಸಂಘಟಿತರಾಗುವ ಹಕ್ಕನ್ನು ಸರ್ಕಾರ ಮಾನ್ಯ ಮಾಡುತ್ತದೆಯೇ ಎಂಬಲ್ಲಿ, ಬಲಪುಟ ತೊಡಕಾಗುತ್ತದೆ. ಬೆಟ್ಟದ್ದು ಸವಲತ್ತು, ಒಡೆತನವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಹಕ್ಕನ್ನು ಗುರುತಿಸುತ್ತದೆ, ಆದರೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಎಂಟನೆಯದು ಚಿಕ್ಕ ವ್ಯವಸ್ಥೆ ದೊಡ್ಡದರೊಳಗೆ ಕೂರುವ ಬಗೆ. ಊರಿನ ಕಟ್ಟಳೆಗೂ ಇಲಾಖೆಯ ನಿಯಮಕ್ಕೂ ಎಲ್ಲಿ ಕೊಂಡಿ ಇದೆ, ಎಲ್ಲಿ ಇಲ್ಲ ಎಂದು ಬರೆಯಿರಿ.

ಬಲಪುಟದಲ್ಲಿ ಖಾಲಿ ಉಳಿದ ಸಾಲುಗಳೇ ನಿಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿ. ಹೊಸದಾಗಿ ಪ್ರಶ್ನಾವಳಿ ತಯಾರಿಸುವ ಅಗತ್ಯವಿಲ್ಲ.

ಎರಡನೆಯದು: ನೆಸ್ ಮತ್ತು ಗುಹಾ. 1973ರ ನೆಸ್ ಲೇಖನ ಚಿಕ್ಕದು. ‘ಮೇಲುಮೇಲಿನ’ ಮತ್ತು ‘ಆಳದ’ ಪರಿಸರ ಚಳವಳಿ ಎಂಬ ವಿಂಗಡಣೆ ಅಲ್ಲಿಂದ ಬಂತು. ರಾಮಚಂದ್ರ ಗುಹಾ 1989ರಲ್ಲಿ ‘ಎನ್ವಿರಾನ್‌ಮೆಂಟಲ್ ಎಥಿಕ್ಸ್’ ಪತ್ರಿಕೆಯಲ್ಲಿ ಉತ್ತರಿಸಿದರು. ಮಾನವ ಕೇಂದ್ರವೋ ಜೀವ ಕೇಂದ್ರವೋ ಎಂಬ ಚರ್ಚೆ ಅತಿಬಳಕೆ ಮತ್ತು ಸೈನಿಕೀಕರಣವೆಂಬ ನಿಜವಾದ ಸಮಸ್ಯೆಗಳನ್ನು ಮುಟ್ಟುವುದಿಲ್ಲ, ಜನರಿಲ್ಲದ ಕಾಡಿನ ಅಮೆರಿಕದ ಆದರ್ಶವನ್ನು ಭಾರತಕ್ಕೆ ತಂದರೆ ಬಡವರ ಮೇಲೆ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ. ಗುಹಾ ದಾಳಿ ಮಾಡಿದ್ದು ಹೆಚ್ಚಾಗಿ ಆಳ ಪರಿಸರವಾದದ ಅಮೆರಿಕನ್ ರೂಪದ ಮೇಲೆ. ಪೂರ್ತಿ ನೆಸ್ ಮೇಲೆ ಎಂದು ಬರೆದರೆ ತಪ್ಪಾಗುತ್ತದೆ. ಬೆಟ್ಟದ ಮೇಲೆ ಕೇಳಬೇಕಾದ್ದು: ಜನರನ್ನು ಪೂರ್ತಿ ಹೊರಗಿಟ್ಟರೆ ಇದು ಬೆಟ್ಟವಾಗಿಯೇ ಉಳಿಯುತ್ತದೆಯೇ?

ಮೂರನೆಯದು: ವಂದನಾ ಶಿವ ಮತ್ತು ಬೀನಾ ಅಗರ್ವಾಲ್. 1988ರಲ್ಲಿ ಶಿವ ಸ್ತ್ರೀತತ್ವ ಮತ್ತು ಪ್ರಕೃತಿಯ ನಂಟನ್ನು ಆಧಾರವಾಗಿಟ್ಟರು. 1992ರಲ್ಲಿ ಅಗರ್ವಾಲ್, ಹಾಗೆಂದರೆ ಎಲ್ಲ ಹೆಂಗಸರನ್ನೂ ಒಂದೇ ಎಂದುಕೊಂಡಂತಾಗುತ್ತದೆ, ನಂಟು ಬರುವುದು ಕೆಲಸದ ಹಂಚಿಕೆ, ಆಸ್ತಿ ಮತ್ತು ಅಧಿಕಾರದಿಂದ ಎಂದರು. ಬೆಟ್ಟದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ದರಕಿನ ಹೊರೆ ಹೊರುವವರು ಯಾರು, ಅವರು ತೋಟದ ಮನೆಯವರೋ ಕೂಲಿಯವರೋ, ಸವಲತ್ತು ಯಾರ ಹೆಸರಿನಲ್ಲಿದೆ? ಈ ಮೂರು ಉತ್ತರ ಒಂದೇ ವ್ಯಕ್ತಿಯತ್ತ ಬೊಟ್ಟು ಮಾಡದಿದ್ದರೆ ಅಗರ್ವಾಲ್ ಅವರ ವಾದಕ್ಕೆ ನಿಮ್ಮಲ್ಲಿ ಸಾಕ್ಷ್ಯವಿದೆ.

ನಾಲ್ಕನೆಯದು ಹವಾಮಾನ. ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಬದುಕಿಗಾಗಿ ಬಿಡುವ ಹೊಗೆಯನ್ನೂ ಭೋಗಕ್ಕಾಗಿ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದರು. 2009ರಲ್ಲಿ ದೀಪೇಶ್ ಚಕ್ರವರ್ತಿ ಮನುಷ್ಯಕುಲವನ್ನು ಒಂದು ಜೀವಪ್ರಭೇದವಾಗಿ ಯೋಚಿಸಬೇಕಾದ ಒತ್ತಡದ ಬಗ್ಗೆ ಬರೆದರು. ಇದು ನೇರ ಜಗಳವಲ್ಲ. 1991ರ ಆಕ್ಷೇಪಕ್ಕೆ 2009ರ ಬರಹ ನಿಲ್ಲುತ್ತದೆಯೇ ಎಂದು ನೀವೇ ಪರೀಕ್ಷಿಸಬೇಕು. ನಿಮ್ಮ ಜಾಗಕ್ಕೆ ಹವಾಮಾನ ಸಂಬಂಧಿಸದಿದ್ದರೆ ಈ ಜೋಡಿಯನ್ನು ಪರೀಕ್ಷೆಗಷ್ಟೇ ಓದಿ, ಪ್ರಬಂಧಕ್ಕೆ ಎಳೆದು ತರಬೇಡಿ.

## ಹಂತ 4: ಒಂದು ಲೇಖನ, ಮೂರು ಸುತ್ತು, ಒಂದು ಕಾರ್ಡ್

ಮೊದಲ ಸುತ್ತು 20 ನಿಮಿಷ: ಶೀರ್ಷಿಕೆ, ವರ್ಷ, ಮೊದಲ ಎರಡು ಪುಟ, ಕೊನೆಯ ಎರಡು ಪುಟ, ಅಡಿಟಿಪ್ಪಣಿಗಳಲ್ಲಿ ಪದೇ ಪದೇ ಬರುವ ಹೆಸರು. ಆ ಹೆಸರೇ ಸಾಮಾನ್ಯವಾಗಿ ಎದುರಾಳಿ.

ಎರಡನೇ ಸುತ್ತಿನಲ್ಲಿ ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಒಂದು ಕ್ರಿಯಾಪದ ಬರೆಯಿರಿ: ವಿಂಗಡಿಸುತ್ತಾರೆ, ನಿರಾಕರಿಸುತ್ತಾರೆ, ಒಪ್ಪಿಕೊಂಡು ಮಿತಿ ಹಾಕುತ್ತಾರೆ, ಪುರಾವೆ ಕೊಡುತ್ತಾರೆ. ‘ಹೇಳುತ್ತಾರೆ’ ಎಂದು ಬರೆಯಬೇಡಿ. ಹಳದಿ ಬಣ್ಣ ಬಳಿಯುವುದೂ ಬೇಡ. ಪುಟವೆಲ್ಲ ಹಳದಿಯಾದರೆ ಲೇಖಕರು ಎದುರಾಳಿಯ ಮಾತನ್ನು ಎತ್ತಿ ಹೇಳಿದ ಸಾಲನ್ನೇ ಅವರ ಸ್ವಂತ ಅಭಿಪ್ರಾಯವೆಂದು ಉದ್ಧರಿಸಿಬಿಡುವ ಅಪಾಯವಿದೆ. ಈ ತಪ್ಪು ಅಪರೂಪದ್ದಲ್ಲ.

ಮೂರನೇ ಸುತ್ತು ಪುಸ್ತಕ ಮುಚ್ಚಿ. ಕಾರ್ಡಿನ ಮೇಲೆ ಐದು ಸಾಲು: ಪ್ರಶ್ನೆ ಏನು, ಎದುರಾಳಿ ಯಾರು, ಮುಖ್ಯ ಪದಕ್ಕೆ ಇವರು ಕೊಡುವ ಅರ್ಥ, ಸಾಕ್ಷ್ಯ ಎಲ್ಲಿಂದ, ನನ್ನ ಜಾಗದಲ್ಲಿ ಇದಕ್ಕೆ ಕಾಣದೇ ಹೋಗುವುದೇನು. ಐದನೇ ಸಾಲು ಬಾರದಿದ್ದರೆ ಲೇಖನ ಇನ್ನೂ ಅರ್ಥವಾಗಿಲ್ಲ. ಮತ್ತೆ ಎರಡನೇ ಸುತ್ತಿಗೆ ಹೋಗಿ. ಪಾರಿಭಾಷಿಕ ಪದಗಳಿಗೆ ಒಂದು ಕನ್ನಡ ಪದ ಗೊತ್ತುಮಾಡಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟು, ಪ್ರಬಂಧದುದ್ದಕ್ಕೂ ಅದನ್ನೇ ಬಳಸಿ.

## ಹಂತ 5: ಜಾಗಕ್ಕೆ ಹೋಗಿ (ವಾರ 6–10)

ಎರಡು ಭೇಟಿ ಬೇಕು. ಮೊದಲನೆಯದರಲ್ಲಿ ಯಾರನ್ನೂ ಸಂದರ್ಶಿಸದೆ ಗಡಿಯುದ್ದಕ್ಕೂ ನಡೆಯಿರಿ. ಎರಡು ಬೆಟ್ಟಗಳಲ್ಲೂ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಮೂರು ಮೂರು ಚೌಕ ಗುರುತಿಸಿ, ಮೊಣಕಾಲಿಗಿಂತ ಎತ್ತರದ ಸಸಿಗಳನ್ನು ಎಣಿಸಿ, ಕೊಂಬೆ ಸವರಿದ ಎತ್ತರ ಬರೆದುಕೊಳ್ಳಿ. ದೊಡ್ಡ ಮರಗಳು ಹಿಂದಿನ ತಲೆಮಾರಿನ ಕಥೆ ಹೇಳುತ್ತವೆ. ಈಗಿನ ನಿರ್ವಹಣೆ ತಿಳಿಯುವುದು ಸಸಿಯಿಂದ. ಇದು ಸಸ್ಯಶಾಸ್ತ್ರದ ಸಮೀಕ್ಷೆಯಲ್ಲ, ಎರಡು ಜಾಗ ಹೋಲಿಸಲು ಸಾಕಾಗುವ ಅಳತೆ ಅಷ್ಟೇ.

ಎರಡನೇ ಭೇಟಿಯಲ್ಲಿ ಮಾತು. ‘ಮೊದಲು ಕಾಡು ಚೆನ್ನಾಗಿತ್ತಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ನಿಮಗೇನೂ ಸಿಗುವುದಿಲ್ಲ. ‘ಈ ಬೇಸಿಗೆಯಲ್ಲಿ ದರಕು ಎಲ್ಲಿಂದ ತಂದಿರಿ, ಎಷ್ಟು ಹೊರೆ, ಯಾರು ತಂದರು, ಹಿಂದಿನ ವರ್ಷ?’ ಎಂದು ಕೇಳಿ. ತೋಟ ಇರುವವರನ್ನು ಮಾತ್ರ ಕೇಳಿ ಬಂದರೆ ಅರ್ಧ ಚಿತ್ರ. ತೋಟವಿಲ್ಲದ ಕನಿಷ್ಠ ಎರಡು ಮನೆಗೆ ಹೋಗಲೇಬೇಕು. ದರಕು ಗುಡಿಸುವುದು ಬೇಸಿಗೆಯ ಕೆಲಸವಾದ್ದರಿಂದ ಜನವರಿಯಲ್ಲಿ ಶುರುವಾಗುವ ಸೆಮಿಸ್ಟರ್‌ನವರಿಗೆ ಅದು ಕಣ್ಣಿಗೆ ಸಿಗುತ್ತದೆ, ಉಳಿದವರು ನೆನಪಿನ ಮೇಲೆ ನಂಬಿಕೆ ಇಡಬೇಕಾಗುತ್ತದೆ. ಹಾಗೆಂದು ಪ್ರಬಂಧದಲ್ಲಿ ಬರೆದುಬಿಡಿ.

ಮಾತಾಡುವ ಮುನ್ನ ಯಾಕೆ ಬಂದಿದ್ದೀರೆಂದು ತಿಳಿಸಿ ಒಪ್ಪಿಗೆ ಕೇಳಿ. ಹೆಸರು, ಸರ್ವೆ ನಂಬರ್ ಪ್ರಬಂಧದಲ್ಲಿ ಬೇಡ. ಒತ್ತುವರಿ, ಮರಕಡಿತದ ಮಾತು ಯಾರಾದರೂ ನಂಬಿ ಹೇಳಿದ್ದರೆ ಅದು ಅವರಿಗೆ ತೊಂದರೆಯಾಗಬಹುದು. ಅಂಕಕ್ಕಿಂತ ಅವರ ನೆಮ್ಮದಿ ದೊಡ್ಡದು.

ಅಂಕಿಅಂಶ ಸೇರಿಸುವಾಗ ಒಂದು ಬಲೆ ಇದೆ. ಭಾರತೀಯ ಅರಣ್ಯ ಸಮೀಕ್ಷೆಯ ‘ಅರಣ್ಯ ಹೊದಿಕೆ’ ಎಂದರೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಮರಗಳ ನೆತ್ತಿ ಶೇ. 10ಕ್ಕಿಂತ ಹೆಚ್ಚು ಮುಚ್ಚಿರುವ ಯಾವುದೇ ನೆಲ; ಒಡೆತನ, ಮರದ ಜಾತಿ ಲೆಕ್ಕಕ್ಕಿಲ್ಲ. ತೋಟವೂ ಅದರೊಳಗೆ ಸೇರಬಹುದು. ಹಾಗಾಗಿ ಜಿಲ್ಲೆಯ ಹೊದಿಕೆ ಹೆಚ್ಚಾಗಿದೆ ಎಂಬ ಅಂಕಿಯಿಂದ ಬೆಟ್ಟ ಸುಧಾರಿಸಿದೆ ಎಂದು ತೀರ್ಮಾನಿಸುವಂತಿಲ್ಲ. ಮೊದಲ ಹಂತದ ಮೂರನೇ ಕಾಲಂ ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ. ಈ ಒಂದು ವ್ಯಾಖ್ಯೆಯನ್ನು ಬಿಡಿಸಿ ಬರೆದರೆ ಪ್ರಬಂಧದ ಗಟ್ಟಿ ಪುಟ ಅದೇ ಆಗಬಹುದು.

## ಹಂತ 6: ಪ್ರಶ್ನೆ ಗಟ್ಟಿಮಾಡಿ (ವಾರ 10)

ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ, ಅದರಲ್ಲಿ ಜಾಗವೂ ಜಗಳವೂ ಇರಲಿ. ‘ಆಸ್ಟ್ರಮ್ ಸಿದ್ಧಾಂತ ಮತ್ತು ಸೊಪ್ಪಿನಬೆಟ್ಟ: ಒಂದು ಅಧ್ಯಯನ’ ಎಂಬುದು ಪ್ರಶ್ನೆಯಲ್ಲ. ‘ಒಂದೇ ಸವಲತ್ತಿನ ನಿಯಮವಿರುವ ಎರಡು ಬೆಟ್ಟಗಳಲ್ಲಿ ಒಂದು ಬೋಳಾದದ್ದನ್ನು ಗಡಿ ಮತ್ತು ಕಾವಲಿನ ಸೂತ್ರಗಳು ವಿವರಿಸುತ್ತವೆಯೇ, ಅಥವಾ ಕೂಲಿ ಸಿಗದಿರುವುದು ಮತ್ತು ದನ ಕಡಿಮೆಯಾಗಿರುವುದು ವಿವರಿಸುತ್ತವೆಯೇ?’ ಎಂಬುದು ಪ್ರಶ್ನೆ. ಉತ್ತರ ‘ಇಲ್ಲ’ ಎಂದಾಗುವ ಸಾಧ್ಯತೆ ಇದ್ದರೆ ಮಾತ್ರ ಅದು ಕೇಳತಕ್ಕದ್ದು.

## ಹಂತ 7: ಬರೆಯಿರಿ (ವಾರ 11–14)

3,300 ಪದಗಳ ಪ್ರಬಂಧಕ್ಕೆ ಹೀಗೆ ಹಂಚಿ: ಜಾಗ ಮತ್ತು ಪ್ರಶ್ನೆಗೆ 300, ಸಿದ್ಧಾಂತದ ಜಗಳಕ್ಕೆ 800, ನಿಮ್ಮ ಸಾಕ್ಷ್ಯಕ್ಕೆ 1,200, ಸಿದ್ಧಾಂತ ಎಲ್ಲಿ ಸಾಲದಾಯಿತು ಎಂಬುದಕ್ಕೆ 700, ಉತ್ತರಕ್ಕೆ 300. ಬರೆಯುವ ಕ್ರಮ ಬೇರೆ. ಸಾಕ್ಷ್ಯದ ಭಾಗ ಮೊದಲು, ಸಿದ್ಧಾಂತ ಎರಡನೆಯದು, ಪೀಠಿಕೆ ಕೊನೆಗೆ. ಸಿದ್ಧಾಂತದಿಂದ ಶುರುಮಾಡಿದವರು 800 ಪದ ಇರಬೇಕಾದಲ್ಲಿ 2,000 ಬರೆದು ದಣಿಯುತ್ತಾರೆ, ಬೆಟ್ಟಕ್ಕೆ ಕೊನೆಯ ಎರಡು ಪುಟ ಉಳಿಯುತ್ತದೆ.

ಇಬ್ಬರು ಚಿಂತಕರು ಸಾಕು, ಮೂವರು ಹೆಚ್ಚೆಂದರೆ. ಸಿದ್ಧಾಂತದ ಭಾಗದಲ್ಲಿ ಬಂದ ಪ್ರತಿ ಪರಿಕಲ್ಪನೆಯೂ ಸಾಕ್ಷ್ಯದ ಭಾಗದಲ್ಲಿ ಮತ್ತೆ ಕಾಣಿಸಬೇಕು. ಪರೀಕ್ಷಿಸುವ ವಿಧಾನ ಸುಲಭ: ಕಡತದಲ್ಲಿ ಆ ಪದ ಹುಡುಕಿ. ಮೊದಲ ಮೂರು ಪುಟದಲ್ಲಷ್ಟೇ ಸಿಕ್ಕರೆ ಆ ಪ್ಯಾರಾ ಕಿತ್ತುಹಾಕಿ.

ಕೃತಿಚೌರ್ಯದ ಬಗ್ಗೆ ಯುಜಿಸಿ 2018ರ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಅದಕ್ಕಿಂತ ಮೇಲೆ ಹಂತಹಂತವಾಗಿ ವಿಧಿಸುತ್ತದೆ. ನಿಮ್ಮ ವಿಭಾಗದ ಮಿತಿ ಇದಕ್ಕಿಂತ ಬಿಗಿಯಾಗಿರಬಹುದು, ಕೇಳಿಕೊಳ್ಳಿ. ಎಐ ಉಪಕರಣಗಳು ಕೊಡುವ ಲೇಖನದ ಹೆಸರುಗಳಲ್ಲಿ ಹುಟ್ಟೇ ಇಲ್ಲದ ಲೇಖನಗಳೂ ಇರುತ್ತವೆ. ಪತ್ರಿಕೆಯ ಜಾಲತಾಣದಲ್ಲಿ ಕಣ್ಣಾರೆ ನೋಡದ ಒಂದು ಉಲ್ಲೇಖವನ್ನೂ ಸೇರಿಸಬೇಡಿ.

ಎಚ್ಚರಿಕೆಯ ಲಕ್ಷಣ: ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ನೇರ ಉದ್ಧರಣೆ. ‘ಸುಸ್ಥಿರ’, ‘ಸಮಗ್ರ’, ‘ಸಮತೋಲನ’ ಪದಗಳು ಪ್ಯಾರಾಗೊಮ್ಮೆ. ಕೊನೆಯಲ್ಲಿ ಸರ್ಕಾರಕ್ಕೆ ಸಲಹೆಗಳ ಪಟ್ಟಿ, ಆದರೆ ಅವಕ್ಕೆ ಒಳಗೆ ಆಧಾರವಿಲ್ಲ. ಮೂರರಲ್ಲಿ ಎರಡು ಕಂಡರೂ ಸಾಕ್ಷ್ಯದ ಭಾಗಕ್ಕೆ ವಾಪಸ್ ಹೋಗಿ.

## ಹಂತ 8: ಪರೀಕ್ಷೆ (ವಾರ 15–16)

ಕಾರ್ಡ್‌ಗಳನ್ನು ಜೋಡಿಜೋಡಿಯಾಗಿ ಹರಡಿ, ಪ್ರತಿ ಜೋಡಿಗೆ 30 ನಿಮಿಷದ ಒಂದು ಉತ್ತರವನ್ನು ಗಡಿಯಾರ ಇಟ್ಟು ಕೈಯಲ್ಲಿ ಬರೆಯಿರಿ. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದು ಕೇಳಿದಾಗ ಮೊದಲ ಪ್ಯಾರಾದಲ್ಲಿ ವಾದ, ಎರಡನೆಯದರಲ್ಲಿ ಎದುರಾಳಿ, ಮೂರನೆಯದರಲ್ಲಿ ನಿಮ್ಮ ಜಾಗದಿಂದ ಒಂದು ಸಾಕ್ಷ್ಯ, ನಾಲ್ಕನೆಯದರಲ್ಲಿ ಯಾರ ಪಕ್ಷ ಎಷ್ಟು ದೂರ ನಿಲ್ಲುತ್ತದೆ ಎಂಬ ತೀರ್ಪು. ಚಿಂತಕರ ಹುಟ್ಟೂರು, ಪ್ರಶಸ್ತಿ ಬರೆಯಲು ಸಮಯ ಕಳೆಯಬೇಡಿ. ವರ್ಷ ಮಾತ್ರ ತಪ್ಪಬಾರದು: ಯಾರು ಯಾರಿಗೆ ಉತ್ತರಿಸಿದರು ಎಂಬುದು ವರ್ಷದ ಮೇಲೆ ನಿಂತಿದೆ, 1989ರ ಗುಹಾರನ್ನು 1973ರ ನೆಸ್‌ಗಿಂತ ಮುಂಚೆ ಇಟ್ಟರೆ ಉತ್ತರದ ಬುಡವೇ ಅಲುಗಾಡುತ್ತದೆ.